ಒಂದು ‘ಎ’ ತಪ್ಪಿದರೆ ಮಾನ ಹೋಯ್ತು, ಒತ್ತಕ್ಷರ ತಪ್ಪಿದರೆ ಕೇಳೋರಿಲ್ಲ!



ಒಂದು ಕಟ್ಟು ಬಿಲ್ ಬುಕ್ಕು. ಒಟ್ಟು ಇಪ್ಪತ್ತು. ಅದನ್ನು ತಂದು ನನ್ನ ಪ್ರೆಸ್ಸಿನ ಮೇಜಿನ ಮೇಲಿಟ್ಟ ಹಿರಿಯರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಮೇಲಿನ ಪುಸ್ತಕ ತೆಗೆದು ಮೊದಲ ಹಾಳೆ ತೋರಿಸಿದರು. ಅವರ ಅಂಗಡಿಯ ಹೆಸರಿನ ಕೆಳಗೆ ಇಂಗ್ಲಿಷಿನಲ್ಲಿ ‘ಸ್ಟೇಷನರಿ ಸಪ್ಲೈಯರ್ಸ್’ ಎಂದು ಅಚ್ಚಾಗಿತ್ತು. ಅದರಲ್ಲಿ ಒಂದೇ ಒಂದು ಅಕ್ಷರಕ್ಕೆ ಕೆಂಪು ಇಂಕಿನ ಸುತ್ತು ಹಾಕಲಾಗಿತ್ತು. ‘ಇ’ ಇರಬೇಕಾದ ಜಾಗದಲ್ಲಿ ‘ಎ’ ಬಿದ್ದಿತ್ತು.

ಆ ಹಿರಿಯರದು ಪೇಟೆಯ ಗಲ್ಲಿಯೊಂದರಲ್ಲಿ ಸಣ್ಣ ಅಂಗಡಿ. ಪೆನ್ನು, ಪೆನ್ಸಿಲ್ಲು, ನೋಟ್ ಬುಕ್ಕು, ಫೈಲು, ಕವರು ಇವೇ ವ್ಯಾಪಾರ. ಅವೆನ್ಯೂ ರಸ್ತೆಯಲ್ಲಿ ಸಗಟು ಕೊಂಡು ಆಫೀಸುಗಳಿಗೆ ಹಾಕುತ್ತಾರೆ. ಒಂದು ಖಾಸಗಿ ಕಂಪನಿಗೆ ಮೊದಲ ಸಲ ಮಾಲು ಕೊಟ್ಟಿದ್ದರು. ಬಿಲ್ಲು ಕೊಡಲು ಹೋದಾಗ ಅಲ್ಲಿನ ಅಧಿಕಾರಿ ಕೆಂಪು ಪೆನ್ನು ತೆಗೆದು ಸುತ್ತು ಹಾಕಿದ. ಪಕ್ಕದವರಿಗೆ ತೋರಿಸಿ, ಇವರು ಸರಬರಾಜು ಮಾಡೋರಲ್ಲ, ನಿಂತಲ್ಲೇ ನಿಂತಿರೋರು, ಮುಂದಕ್ಕೆ ಹೋಗೋದೇ ಇಲ್ಲ ಅಂತ ಇಂಗ್ಲಿಷಿನಲ್ಲಿ ತಮಾಷೆ ಮಾಡಿದ. ಸುತ್ತ ಇದ್ದವರೆಲ್ಲ ನಕ್ಕರು. ಬಿಲ್ಲು ವಾಪಸ್ಸು ಬಂತು. ಸರಿಯಾದ ಬಿಲ್ಲು ತಂದರೆ ಮಾತ್ರ ದುಡ್ಡು ಅಂದರು.

‘ನಾನೂ ನಕ್ಕೆ ಕಣಪ್ಪಾ’ ಅಂದರು ಹಿರಿಯರು. ‘ಯಾಕೆ ನಗ್ತಿದ್ದಾರೆ ಅಂತ ಗೊತ್ತಾಗ್ಲಿಲ್ಲ. ಎಲ್ಲರೂ ನಗ್ತಿದ್ರಲ್ಲ, ನಾನೂ ನಕ್ಕೆ. ಸಂಜೆ ಮಗಳು ಬಿಡಿಸಿ ಹೇಳಿದ್ಮೇಲೆ ಗೊತ್ತಾಯ್ತು, ನಕ್ಕಿದ್ದು ನನ್ನನ್ನ ನೋಡಿ ಅಂತ.’

ಈ ಮಾತು ಕೇಳಿದ ಮೇಲೆ ನನಗೆ ಅವತ್ತು ಊಟ ಸೇರಲಿಲ್ಲ.

ತಪ್ಪು ಅವರದಲ್ಲ, ನನ್ನದು. ಅಕ್ಷರ ಜೋಡಿಸಿದವನು ನನ್ನ ಡಿಟಿಪಿ ಹುಡುಗ. ಪ್ರೂಫ್ ನೋಡಿ ‘ಓಕೆ’ ಎಂದು ಸಹಿ ಹಾಕಿದವನು ನಾನು. ಕಂಪ್ಯೂಟರ್ ಇಂಗ್ಲಿಷ್ ತಪ್ಪಿಗೆ ಕೆಂಪು ಗೆರೆ ಎಳೆಯುತ್ತದಲ್ಲ ಎಂದು ನಂಬಿ ಕೂತಿದ್ದೆವು. ಎಲ್ಲಿ ಎಳೆಯುತ್ತದೆ? ‘ಎ’ ಹಾಕಿದರೂ ಅದೊಂದು ಪದ, ‘ಇ’ ಹಾಕಿದರೂ ಅದೊಂದು ಪದ. ಎರಡೂ ನಿಘಂಟಿನಲ್ಲಿವೆ. ಇಪ್ಪತ್ತು ಪುಸ್ತಕವನ್ನೂ ನನ್ನ ಖರ್ಚಿನಲ್ಲಿ ಮತ್ತೆ ಅಚ್ಚು ಹಾಕಿದೆ. ಕಾಗದದ ನಷ್ಟ ತುಂಬಿಕೊಳ್ಳಬಹುದು. ಅಷ್ಟು ಜನರ ನಡುವೆ ಅರ್ಥವಾಗದೆ ನಕ್ಕ ಆ ನಗುವಿನ ನಷ್ಟವನ್ನು ಯಾರು ತುಂಬಿಕೊಡುತ್ತಾರೆ?

ಅದಕ್ಕೇ ಈ ಲೇಖನ. ಮೊದಲು ಆ ಎರಡು ಪದಗಳ ಜಾತಕ ನೋಡೋಣ. ಆಮೇಲೆ ಆ ಕೆಂಪು ಪೆನ್ನಿನ ಜಾತಕ ನೋಡೋಣ.

ನಿಂತವನ ಕಥೆ

‘ಎ’ ಬರುವ ಸ್ಟೇಷನರಿ ಅಂದರೆ ನಿಂತಲ್ಲೇ ನಿಂತದ್ದು, ಅಲುಗಾಡದ್ದು. ಸಿಗ್ನಲ್ಲಿನಲ್ಲಿ ನಿಂತ ಬಸ್ಸು ಈ ಸ್ಟೇಷನರಿ. ಪಿಯುಸಿಯಲ್ಲಿ ಭೌತಶಾಸ್ತ್ರ ಓದಿದವರಿಗೆ ‘ಸ್ಟೇಷನರಿ ವೇವ್ಸ್’ ನೆನಪಿರಬೇಕು, ತಂತಿಯ ಮೇಲೆ ಮುಂದಕ್ಕೆ ಹರಿಯದೆ ಇದ್ದಲ್ಲೇ ತುಯ್ಯುವ ಅಲೆ. ಅದಕ್ಕೂ ಇದೇ ‘ಎ’. ‘ಇ’ ಬರುವ ಸ್ಟೇಷನರಿ ಅಂದರೆ ಕಾಗದ, ಪೆನ್ನು, ಇಂಕು, ಕವರು. ಕನ್ನಡದಲ್ಲಿ ಲೇಖನ ಸಾಮಗ್ರಿ.

ಬಾಯಲ್ಲಿ ಹೇಳಿದರೆ ಎರಡೂ ಒಂದೇ. ಲಂಡನ್ನಿನ ದೊರೆ ಹೇಳಿದರೂ ಒಂದೇ, ನಮ್ಮ ಮಂಡ್ಯದ ಹುಡುಗ ಹೇಳಿದರೂ ಒಂದೇ. ಕಿವಿಗೆ ವ್ಯತ್ಯಾಸವಿಲ್ಲ. ಇರುವ ವ್ಯತ್ಯಾಸವೆಲ್ಲ ಕಣ್ಣಿಗೆ.

ಇವೆರಡೂ ಬೇರೆ ಬೇರೆ ಮನೆಯ ಪದಗಳೇನಲ್ಲ. ಒಂದೇ ತಾಯಿಯ ಮಕ್ಕಳು. ಲ್ಯಾಟಿನ್ ಭಾಷೆಯಲ್ಲಿ ‘ಸ್ಟಾತಿಯೋ’ ಅಂದರೆ ನಿಲ್ಲುವುದು, ನಿಲ್ಲುವ ಜಾಗ. ನಮ್ಮ ರೈಲ್ವೆ ಸ್ಟೇಷನ್ನಿನ ‘ಸ್ಟೇಷನ್’ ಬಂದದ್ದೂ ಅಲ್ಲಿಂದಲೇ. ಅದಕ್ಕೆ ನಾವು ‘ನಿಲ್ಲು’ ಎಂಬ ಮಾತು ಹಿಡಿದು ‘ನಿಲ್ದಾಣ’ ಎಂದೆವು. ಆ ಲ್ಯಾಟಿನ್ ಮೂಲವೂ ಸಂಸ್ಕೃತದ ‘ಸ್ಥಾ’ ಧಾತುವೂ ದೂರದ ದಾಯಾದಿಗಳು. ಸಂಸ್ಕೃತದಿಂದ ಕನ್ನಡಕ್ಕೆ ಬಂದ ಸ್ಥಾನ, ಸ್ಥಿರ, ಸ್ಥಾವರ ಎಲ್ಲವೂ ಆ ಧಾತುವಿನವೇ.

ಹಾಗಾದರೆ ಪೆನ್ನು ಕಾಗದಕ್ಕೂ ನಿಲ್ಲುವುದಕ್ಕೂ ಏನು ನೆಂಟು? ಇಲ್ಲಿದೆ ಮಜಾ. ಯೂರೋಪಿನಲ್ಲಿ ಆಗ ವ್ಯಾಪಾರಿಗಳಲ್ಲಿ ಬಹಳ ಮಂದಿ ತಿರುಗಾಡಿ ಮಾರುವವರು. ತಲೆಯ ಮೇಲೆ, ಹೆಗಲ ಮೇಲೆ ಸರಕು ಹೊತ್ತು ಸಂತೆಯಿಂದ ಸಂತೆಗೆ ಹೋಗುವವರು. ಆದರೆ ಪುಸ್ತಕದವರು ಹಾಗೆ ತಿರುಗುವಂತಿರಲಿಲ್ಲ. 13ನೇ ಶತಮಾನದ ಹೊತ್ತಿಗೆ ಪ್ಯಾರಿಸ್, ಬೊಲೊನ್ಯಾ, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಗಳ ಹತ್ತಿರ ಅವರು ಮಳಿಗೆ ಹಾಕಿ ಕೂತರು. ಅಚ್ಚುಕೂಟ ಇಲ್ಲದ ಕಾಲ. ಮೂಲ ಪ್ರತಿಯನ್ನು ಬಿಡಿಬಿಡಿ ಭಾಗವಾಗಿ ಬಾಡಿಗೆಗೆ ಕೊಡುತ್ತಿದ್ದರು, ವಿದ್ಯಾರ್ಥಿಗಳು ನಕಲು ಮಾಡಿಕೊಳ್ಳುತ್ತಿದ್ದರು. ಹೀಗೆ ಒಂದೇ ಜಾಗದಲ್ಲಿ ನಿಂತು ವ್ಯಾಪಾರ ಮಾಡುವವನು ‘ಸ್ಟೇಷನರ್’. ಅವನ ಅಂಗಡಿಯ ಸರಕು ಮುಂದೆ ‘ಇ’ ಬರುವ ಸ್ಟೇಷನರಿ ಆಯಿತು. ನಮ್ಮ ಶರಣರ ಮಾತು ಎರವಲು ತಂದು ಹೇಳುವುದಾದರೆ, ಹೊತ್ತು ಮಾರುವವನು ಜಂಗಮ ವ್ಯಾಪಾರಿ, ಮಳಿಗೆಯವನು ಸ್ಥಾವರ ವ್ಯಾಪಾರಿ!

ಅಂದರೆ ಆ ಅಧಿಕಾರಿ ತಮಾಷೆ ಮಾಡಿದನಲ್ಲ, ‘ನಿಂತಲ್ಲೇ ನಿಂತಿರೋರು’ ಅಂತ, ಅದು ಅವನಿಗೇ ಗೊತ್ತಿಲ್ಲದಂತೆ ಪದದ ನಿಜವಾದ ಅರ್ಥ. ಅಂಗಡಿ ಹಾಕಿ ನಿಂತಲ್ಲೇ ನಿಂತು ಮರ್ಯಾದೆಯಿಂದ ವ್ಯಾಪಾರ ಮಾಡುವವನು ಸ್ಟೇಷನರ್. ನಮ್ಮ ಹಿರಿಯರು ಮಾಡುತ್ತಿರುವುದೂ ಅದನ್ನೇ. ನಗಬೇಕಾದವರು ಯಾರು, ನಗಿಸಿಕೊಂಡವರು ಯಾರು?

ಇದು ನಮ್ಮ ಮುದ್ರಣದ ಕಸುಬಿನ ಕಥೆಯೂ ಹೌದು. ಲಂಡನ್ನಿನಲ್ಲಿ ಈ ಸ್ಟೇಷನರ್‌ಗಳು 1403ರಲ್ಲೇ ಸಂಘ ಕಟ್ಟಿಕೊಂಡರು. 1557ರಲ್ಲಿ ಅದಕ್ಕೆ ರಾಜಸನದು ಸಿಕ್ಕಿತು. ಮುದ್ರಣದ ಹಿಡಿತ ಬಹುಪಾಲು ಆ ಸಂಘದ ಕೈಗೆ ಬಂತು. ಪುಸ್ತಕ ಅಚ್ಚು ಹಾಕುವವರು ಅದರ ದಫ್ತರಿನಲ್ಲಿ ಹೆಸರು ಬರೆಸುತ್ತಿದ್ದರು. ಶೇಕ್ಸ್‌ಪಿಯರ್ ನಾಟಕಗಳ ಮೊದಲ ದೊಡ್ಡ ಸಂಪುಟ 1623ರಲ್ಲಿ ಬಂದಾಗ ಅದೂ ಅಲ್ಲಿ ದಾಖಲಾಯಿತು.

ಆ ಶೇಕ್ಸ್‌ಪಿಯರ್ ಮಹಾಶಯನ ಕೈಬರಹದಲ್ಲಿ ಉಳಿದಿರುವ ಸಹಿಗಳು ಆರು ಎಂದು ಪಂಡಿತರು ಹೇಳುತ್ತಾರೆ. ಆ ಆರರಲ್ಲಿ ಕಾಗುಣಿತ ಒಂದೇ ರೀತಿ ಇಲ್ಲ. ತನ್ನ ಹೆಸರನ್ನೇ ಬೇರೆ ಬೇರೆ ರೀತಿ ಬರೆದವನು ಇಂಗ್ಲಿಷಿನ ಮಹಾಕವಿ! ಇಂಗ್ಲಿಷ್ ಕಾಗುಣಿತ ಒಂದು ಹದಕ್ಕೆ ಬರಲು ಮತ್ತೆ ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಸ್ಯಾಮ್ಯುಯೆಲ್ ಜಾನ್ಸನ್ನನ ದೊಡ್ಡ ನಿಘಂಟು ಬಂದದ್ದು 1755ರಲ್ಲಿ. ಇವತ್ತಿಗೂ ಇಂಗ್ಲಿಷ್ ತಾಯ್ನುಡಿಯವರೇ ಈ ‘ಎ’ ಮತ್ತು ‘ಇ’ಗೆ ಎಡವುತ್ತಾರೆ. ಅವರಿಗಾಗಿ ಅವರೇ ಬರೆದುಕೊಂಡ ಕೈಪಿಡಿಗಳಲ್ಲಿ ‘ಗೊಂದಲವಾಗುವ ಪದಗಳು’ ಎಂಬ ಪಟ್ಟಿಯಲ್ಲಿ ಈ ಜೋಡಿ ತಪ್ಪದೆ ಇರುತ್ತದೆ.

ಹೆಸರೊಂದು, ಓದು ಹತ್ತು

ಈ ಗೊಂದಲ ಯಾಕೆ? ಇಂಗ್ಲಿಷಿನಲ್ಲಿ ಅಕ್ಷರದ ಹೆಸರಿಗೂ ಅದರ ಉಚ್ಚಾರಣೆಗೂ ಸಂಬಂಧ ಕಡಿಮೆ. ಹೆಸರು ‘ಎ’. ಆದರೆ ಕೇಕ್‌ನಲ್ಲಿ ಅದು ಏ, ಕ್ಯಾಟ್‌ನಲ್ಲಿ ಆ್ಯ, ಫಾದರ್‌ನಲ್ಲಿ ಆ, ಅಬೌಟ್‌ನಲ್ಲಿ ಅ. ಹೆಸರು ‘ಇ’. ಆದರೆ ಪೆನ್‌ನಲ್ಲಿ ಅದು ಎ, ಕೇಕ್‌ನ ಕೊನೆಯಲ್ಲಿ ಮೂಕ. ಸ್ಟೇಷನರಿಯ ಕೊನೆಗೆ ಬರುವ ಹೊತ್ತಿಗೆ ‘ಎ’ಯೂ ‘ಇ’ಯೂ ಎರಡೂ ಕರಗಿ ಒಂದೇ ‘ಅ’ ಆಗಿಬಿಡುತ್ತವೆ. ಕಿವಿಯಿಂದ ಕಲಿಯಲು ದಾರಿಯೇ ಇಲ್ಲ. ಉರು ಹೊಡೆಯಬೇಕು, ಅಷ್ಟೆ.

ಉರು ಹೊಡೆಯಲು ಒಂದು ದಾರಿ ಹೇಳುತ್ತೇನೆ, ಇಟ್ಟುಕೊಳ್ಳಿ. ‘ಎ’ ಬಂದರೆ ‘ಅ’, ಅಂದರೆ ಅಲುಗದು. ‘ಇ’ ಬಂದರೆ ಎನ್ವಲಪ್ ಮತ್ತು ಎರೇಸರ್, ಇಂಗ್ಲಿಷಿನಲ್ಲಿ ಇವೆರಡೂ ಶುರುವಾಗುವುದು ‘ಇ’ ಅಕ್ಷರದಿಂದ. ಇನ್ನು ಜನ್ಮದಲ್ಲಿ ಮರೆಯುವುದಿಲ್ಲ. ಇಷ್ಟನ್ನು ಕಲಿಸಲು ಎರಡು ನಿಮಿಷ ಸಾಕಿತ್ತು. ಆ ಅಧಿಕಾರಿ ಆ ಎರಡು ನಿಮಿಷವನ್ನು ನಗಲು ಬಳಸಿದ.

ಇನ್ನೊಂದು ಗಮನಿಸಿ. ಈ ಲೇಖನದಲ್ಲಿ ಎರಡು ಪದವನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಎರಡೂ ‘ಸ್ಟೇಷನರಿ’. ‘ಎ ಬರುವ’, ‘ಇ ಬರುವ’ ಎಂದು ಬಾಲ ಹಚ್ಚದಿದ್ದರೆ ವ್ಯತ್ಯಾಸ ಕಾಣುವುದೇ ಇಲ್ಲ. ಯಾಕೆಂದರೆ ಕನ್ನಡ ಲಿಪಿ ಕಿವಿಗೆ ಕೇಳಿದ್ದನ್ನು ಬರೆಯುತ್ತದೆ. ಹಾಗಂತ ಯಾರಿಗಾದರೂ ಅರ್ಥ ಕೆಡುತ್ತದೆಯೇ? ‘ಸ್ಟೇಷನರಿ ಅಂಗಡಿಗೆ ಹೋಗಿ ಪೆನ್ನು ತಗೊಂಡು ಬಾ’ ಅಂದರೆ ಮಗು ಸಿಗ್ನಲ್ಲಿನಲ್ಲಿ ನಿಂತ ಬಸ್ಸಿನ ಹತ್ತಿರ ಹೋಗುತ್ತದೆಯೇ? ಆ ತಪ್ಪು ಬಿಲ್ಲಿನಿಂದ ಒಂದು ಪೆನ್ಸಿಲ್ಲಾದರೂ ಕಡಿಮೆ ಬಂತೇ, ಒಂದು ರೂಪಾಯಿಯಾದರೂ ಲೆಕ್ಕ ತಪ್ಪಿತೇ?

ತಪ್ಪು ತಪ್ಪೇ. ತಿದ್ದಲೇಬೇಕು. ಮುದ್ರಕನಾಗಿ ನಾನೇ ಹೇಳುತ್ತೇನೆ, ಅಚ್ಚಾದ ತಪ್ಪಿಗೆ ಕ್ಷಮೆ ಇಲ್ಲ. ಆದರೆ ತಿದ್ದುವುದು ಬೇರೆ, ಹಂಗಿಸುವುದು ಬೇರೆ.

‘ಒದೆ’ಯಾದ ನೆಲ

ಹೊಸ ಬಿಲ್ಲು ಕೊಡಲು ಹಿರಿಯರ ಜೊತೆ ನಾನೂ ಹೋದೆ. ನನ್ನ ತಪ್ಪು, ನಾನೇ ಹೇಳಬೇಕು ಎಂದು. ಗಾಜಿನ ಬಾಗಿಲು, ಎಸಿ, ಹೊಳೆಯುವ ನೆಲ. ಆಗತಾನೆ ನೆಲ ಒರೆಸಿ ಹಳದಿ ಬೋರ್ಡು ನಿಲ್ಲಿಸಿದ್ದರು. ಮೇಲೆ ಇಂಗ್ಲಿಷು, ಅಕ್ಷರ ಬಿಡದೆ ಸರಿ. ಕೆಳಗೆ ಕನ್ನಡ: ‘ಎಚರಿಕೆ! ನೆಲ ಒದೆಯಾಗಿದೆ’.

ಎಚ್ಚರಿಕೆಯ ಒತ್ತು ಹೋಗಿತ್ತು. ಒದ್ದೆಯ ಒತ್ತೂ ಹೋಗಿತ್ತು. ಒದ್ದೆ ಅಂದರೆ ನೀರಾದದ್ದು. ಒದೆ ಅಂದರೆ ಕಾಲಿನಿಂದ ಕೊಡುವುದು. ಕಂಪನಿಯ ನೆಲವೇ ಒದೆಯಾಗಿ ಬಿದ್ದಿದೆ!

ಅಧಿಕಾರಿ ಸಿಕ್ಕ. ಪಕ್ಕದವನ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದ. ನಮ್ಮವನೇ. ಬಿಲ್ಲು ಕೊಟ್ಟೆ, ತಪ್ಪು ನನ್ನದು ಎಂದು ಹೇಳಿದೆ. ಆಮೇಲೆ ಕೇಳಿದೆ:

‘ಸಾರ್, ನಿಮ್ಮ ಕೆಂಪು ಪೆನ್ನು ಒಂದು ನಿಮಿಷ ಕೊಡ್ತೀರಾ?’

‘ಯಾಕ್ರೀ?’

‘ಹೊರಗಡೆ ಬೋರ್ಡಿಗೆ ಎರಡು ಸುತ್ತು ಹಾಕಬೇಕು.’

ಅವನು ಎದ್ದು ಬಂದು ನೋಡಿದ. ಓದಿದ. ಮೊದಲ ಸಲ ಓದಿದ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಆಮೇಲೆ ಕೈ ಝಾಡಿಸಿ ಹೇಳಿದ: ‘ಓ, ಇದಾ? ಇದು ಕನ್ನಡ ಅಲ್ವೇನ್ರೀ, ಅರ್ಥ ಆದ್ರೆ ಸಾಕು ಬಿಡ್ರೀ.’

ಗೆಳೆಯರೇ, ಈ ಮಾತನ್ನು ಇನ್ನೊಮ್ಮೆ ಓದಿ. ‘ಕನ್ನಡ ಅಲ್ವೇ, ಅರ್ಥ ಆದ್ರೆ ಸಾಕು.’ ಇಂಗ್ಲಿಷಿನಲ್ಲಿ ಅರ್ಥ ಪೂರ್ತಿ ಆಗಿತ್ತು, ಆದರೂ ಸಾಕಾಗಲಿಲ್ಲ. ಕನ್ನಡದಲ್ಲಿ ಅರ್ಥವೇ ಕೆಟ್ಟು ಕೂತಿದೆ, ಆದರೂ ಸಾಕು! ಒಂದು ಭಾಷೆಗೆ ಅಕ್ಕಸಾಲಿಗನ ತಕ್ಕಡಿ, ಇನ್ನೊಂದು ಭಾಷೆಗೆ ಸೌದೆ ಡಿಪೋದ ತಕ್ಕಡಿ. ಇದನ್ನೇ ನಾನು ದಾಸ್ಯ ಎನ್ನುವುದು. ಇಂಗ್ಲಿಷ್ ಕಲಿಯುವುದು ದಾಸ್ಯವಲ್ಲ, ಇಂಗ್ಲಿಷಿನ ತಪ್ಪಿಗೆ ಮಾತ್ರ ನಾಚಿಕೆಪಡುವುದು ದಾಸ್ಯ.

ಕನ್ನಡದ ತಪ್ಪು ಕಿವಿಗೇ ತಾಗುತ್ತದೆ

ಕನ್ನಡದಲ್ಲೂ ಜೋಡಿ ಪದಗಳಿವೆ. ಆದರೆ ನಮ್ಮಲ್ಲಿ ಅಕ್ಷರ ತಪ್ಪಿದರೆ ಮಾತೇ ತಪ್ಪುತ್ತದೆ. ಹಾಲು ಕುಡಿಯುತ್ತೇವೆ, ಹಾಳು ಬಾವಿಗೆ ಬೀಳುತ್ತೇವೆ. ಹುಲಿ ಕಾಡಿನಲ್ಲಿ, ಹುಳಿ ಅಡುಗೆಮನೆಯಲ್ಲಿ. ರೈತ ಬೆಳೆದದ್ದು ಬೆಳೆ, ಅವನಿಗೆ ಸಿಗದೆ ಹೋಗುವುದು ಬೆಲೆ. ಗೋಡೆಯ ಮೇಲಿರುವುದು ಹಲ್ಲಿ, ನಾವು ಬಿಟ್ಟು ಬಂದದ್ದು ಹಳ್ಳಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಹಲ್ಲಿಯೂ ಹಳ್ಳಿಯೂ ಒಂದೇ. ಬೆಂಗಳೂರಿನ ಎಷ್ಟೋ ಬಡಾವಣೆಗಳ ಹೆಸರು ಹಳ್ಳಿಯಲ್ಲಿ ಮುಗಿಯುತ್ತದೆ. ಇಂಗ್ಲಿಷ್ ಬೋರ್ಡು ಮಾತ್ರ ಓದುವವರ ಬಾಯಲ್ಲಿ ಅವೆಲ್ಲ ಹಲ್ಲಿಗಳಾಗಿವೆ.

ನಮ್ಮಲ್ಲಿ ತೊಡಕೇ ಇಲ್ಲ ಎಂದು ಜಂಬ ಕೊಚ್ಚುವುದಿಲ್ಲ. ಶಕಾರ ಷಕಾರಗಳ ವ್ಯತ್ಯಾಸ ನಮ್ಮ ಬಹಳ ಜನರ ನಾಲಿಗೆಯಲ್ಲಿ ಇಲ್ಲ. ಅಲ್ಪಪ್ರಾಣ ಮಹಾಪ್ರಾಣವೂ ಹಾಗೆಯೇ. ಸಂಘ ಅಂದರೆ ಕೂಡಿ ಕಟ್ಟಿದ್ದು, ಸಂಗ ಅಂದರೆ ಒಡನಾಟ. ‘ಧನ ಸಹಾಯ’ ಎಂದು ಬರೆಯಬೇಕಾದಲ್ಲಿ ‘ದನ ಸಹಾಯ’ ಎಂದು ಬರೆದ ರಸೀದಿ ಪುಸ್ತಕವನ್ನು ನನ್ನ ಕೈಯಲ್ಲೇ ಹಿಡಿದಿದ್ದೇನೆ. ವಂತಿಗೆಗೆ ಹೋದವರಿಗೆ ಯಾರಾದರೂ ಒಂದು ಹಸು ಹಿಡಿದುಕೊಟ್ಟಿದ್ದರೆ ಏನು ಮಾಡುತ್ತಿದ್ದರೋ! ಇವೂ ಸ್ಟೇಷನರಿಯಂಥ ಜೋಡಿಗಳೇ. ಕಣ್ಣಿಟ್ಟು ಕಲಿಯಬೇಕಾದವು. ಇದಕ್ಕೆ ಕೆಂಪು ಪೆನ್ನು ಹಿಡಿದವರು ಎಷ್ಟು ಜನ?

1843ರಲ್ಲಿ ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗ್ ಎಂಬ ಜರ್ಮನಿಯವನು ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ತೆಗೆದ. ಅದೇ ಕನ್ನಡದ ಮೊದಲ ಪತ್ರಿಕೆ. ಅದೇ ದೇಶದಿಂದ ಬಂದ ಕಿಟ್ಟೆಲ್ ವರ್ಷಾನುಗಟ್ಟಲೆ ದುಡಿದು ಕಟ್ಟಿದ ಕನ್ನಡ ನಿಘಂಟು 1894ರಲ್ಲಿ ಅಚ್ಚಾಯಿತು. ಅವರು ಬಂದ ಉದ್ದೇಶ ಏನೇ ಇರಲಿ, ಕನ್ನಡದ ಒಂದೊಂದು ಒತ್ತಿಗೂ ಮರ್ಯಾದೆ ಕೊಟ್ಟರು. ಏಳು ಸಮುದ್ರದಾಚೆಯಿಂದ ಬಂದವರಿಗೆ ಇದ್ದ ಕಾಳಜಿ ಇಲ್ಲೇ ಹುಟ್ಟಿ, ಇಲ್ಲೇ ಸಂಬಳ ಎಣಿಸುವವರಿಗೆ ಯಾಕಿಲ್ಲ?

ಕಾನೂನು ಅಳತೆ ಕೊಟ್ಟಿತು, ಒತ್ತು ಕೊಡಲಿಲ್ಲ

ಹೋರಾಟಕ್ಕೇನೂ ಕಡಿಮೆ ಇಲ್ಲ. 1963ರಲ್ಲೇ ರಾಜ್ಯಭಾಷಾ ಕಾಯ್ದೆ ಬಂತು. 1982ರಲ್ಲಿ ಗೋಕಾಕ್ ಚಳವಳಿಗೆ ಡಾ. ರಾಜ್‌ಕುಮಾರ್ ಇಳಿದಾಗ ನಾಡಿಗೆ ನಾಡೇ ಬೀದಿಗೆ ಬಂತು. ಉದ್ಯೋಗದಲ್ಲಿ ಕನ್ನಡಿಗರಿಗೆ ಪಾಲು ಕೇಳಿ ಸರೋಜಿನಿ ಮಹಿಷಿ ವರದಿ ಬಂತು. 2023ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ನಾಮಫಲಕಕ್ಕಾಗಿ ದೊಡ್ಡ ಗಲಾಟೆಯೇ ಆಯಿತು. 2024ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ ಇರಬೇಕು ಎಂದಾಯಿತು. ಹೋರಾಡಿದವರಿಗೆ ಶರಣು.

ಆದರೆ ಆಮೇಲೆ ಏನಾಯಿತು? ನನ್ನಂಥ ಮುದ್ರಕರನ್ನು ಕೇಳಿ. ‘ಅರ್ಜೆಂಟ್ ಸಾರ್, ನಾಳೆ ಬೆಳಿಗ್ಗೆ ಬೋರ್ಡು ಬೇಕು’ ಎಂದು ಫೋನು. ವಾಟ್ಸ್ಆ್ಯಪ್ಪಿನಲ್ಲಿ ಒಂದು ಹೆಸರು. ಮೊಬೈಲಿನಲ್ಲಿ ಬರುವ ಕನ್ನಡ ಯೂನಿಕೋಡ್. ಎಷ್ಟೋ ಕಡೆ ಇನ್ನೂ ಬಳಸುವ ಹಳೆಯ ಡಿಸೈನ್ ಸಾಫ್ಟ್‌ವೇರು ಅದನ್ನು ತಿನ್ನುವುದಿಲ್ಲ, ಅದಕ್ಕೆ ಬೇರೆ ಫಾಂಟು ಬೇಕು. ನೇರ ತಂದು ಅಂಟಿಸಿದರೆ ಒತ್ತು ಒಂದು ಕಡೆ, ಕೊಂಬು ಒಂದು ಕಡೆ ಚೆಲ್ಲಾಪಿಲ್ಲಿ. ಕನ್ನಡ ಬಾರದ ಡಿಸೈನರ್ ಅದನ್ನು ಚಿತ್ರ ಎಂದುಕೊಂಡು ಹಾಗೇ ಬಿಡುತ್ತಾನೆ. ಯಜಮಾನ ಅಳತೆ ಪಟ್ಟಿ ಹಿಡಿದು ಶೇಕಡಾ 60 ಇದೆಯಾ ಎಂದು ನೋಡುತ್ತಾನೆ. ಅಕ್ಷರ ನೋಡುವುದಿಲ್ಲ. ದಂಡ ಬೀಳದಿದ್ದರೆ ಸಾಕು. ಹೀಗೆ ನಮ್ಮ ಕನ್ನಡ ಮೇಲಕ್ಕೇರಿದೆ, ದಪ್ಪವಾಗಿದೆ, ಆದರೆ ಕೈಕಾಲು ಮುರಿದುಕೊಂಡು ನೇತಾಡುತ್ತಿದೆ. ಬೋರ್ಡಿನ ಅಳತೆಯನ್ನು ಕಾನೂನು ಕೊಡಬಲ್ಲದು. ಒತ್ತಕ್ಷರ ಕೊಡಬೇಕಾದವರು ನಾವು.

ಈಗ ನಮ್ಮ ಬೆನ್ನು ನೋಡಿಕೊಳ್ಳೋಣ

ಆ ಅಧಿಕಾರಿಯನ್ನು ಬೈದು ಲೇಖನ ಮುಗಿಸಬಹುದಿತ್ತು. ನಿಮಗೂ ಖುಷಿ, ನನಗೂ ಖುಷಿ. ಆದರೆ ಅಲ್ಲಿಂದ ವಾಪಸ್ಸು ಬರುವಾಗ ಸ್ಕೂಟರಿನ ಮೇಲೆ ಅವನ ಮಾತೇ ಕಿವಿಯಲ್ಲಿ ಗುಯ್‌ಗುಡುತ್ತಿತ್ತು. ಈ ಮಾತನ್ನು ನಾನು ಎಲ್ಲೋ ಕೇಳಿದ್ದೇನಲ್ಲಾ? ಎಲ್ಲಿ?

ನನ್ನ ಪ್ರೆಸ್ಸಿನಲ್ಲೇ ಕೇಳಿದ್ದೆ! ಪ್ರತಿ ವರ್ಷ ಅಕ್ಟೋಬರ್ ಕೊನೆಯ ವಾರದಲ್ಲಿ. ರಾಜ್ಯೋತ್ಸವದ ಫ್ಲೆಕ್ಸು, ಕರಪತ್ರ, ರಸೀದಿ ಪುಸ್ತಕ ಮಾಡಿಸಲು ನಮ್ಮವರೇ ಬರುತ್ತಾರೆ. ಕೊರಳಲ್ಲಿ ಹಳದಿ ಕೆಂಪು ಶಲ್ಯ. ಮ್ಯಾಟರಿನಲ್ಲಿ ದೊಡ್ಡದಾಗಿ ‘ಹಾರ್ದಿಕ ಶುಭಾಷಯಗಳು’. ಅಣ್ಣಾ, ಇದು ‘ಶುಭಾಶಯ’ ಆಗಬೇಕು, ಶುಭ ಮತ್ತು ಆಶಯ ಸೇರಿ ಶುಭಾಶಯ, ಷಕಾರ ಅಲ್ಲ ಎಂದರೆ, ‘ಇರ್ಲಿ ಬಿಡಪ್ಪಾ, ಟೈಮಿಲ್ಲ, ಅರ್ಥ ಆದ್ರೆ ಸಾಕು. ಫೋಟೋ ಮಾತ್ರ ದೊಡ್ಡದಾಗಿ ಬರ್ಲಿ’ ಎನ್ನುತ್ತಾರೆ. ನಾನೂ ಬಾಯಿ ಮುಚ್ಚಿಕೊಂಡು ಅಚ್ಚು ಹಾಕಿ ದುಡ್ಡು ಎಣಿಸಿದ್ದೇನೆ. ಒಂದು ಸಲ ಅಲ್ಲ, ಹತ್ತು ಸಲ.

ಅದೇ ಮಾತು. ಅಕ್ಷರಕ್ಕೆ ಅಕ್ಷರ ಅದೇ ಮಾತು. ‘ಅರ್ಥ ಆದ್ರೆ ಸಾಕು.’ ಎಸಿ ಕೋಣೆಯಲ್ಲಿ ಕೂತವನು ಹೇಳಿದರೆ ಕನ್ನಡ ದ್ರೋಹ, ಶಲ್ಯ ಹಾಕಿದವನು ಹೇಳಿದರೆ ಕನ್ನಡ ಸೇವೆಯೇ? ಕನ್ನಡ ತಾಯಿಯ ಚಿತ್ರದ ಕೆಳಗೇ ಕನ್ನಡದ ತಪ್ಪು ಬರೆದು, ಅದಕ್ಕೆ ಹಾರ ಹಾಕಿ, ಮೈಕಿನಲ್ಲಿ ‘ಕನ್ನಡಕ್ಕಾಗಿ ಪ್ರಾಣ ಕೊಡುತ್ತೇವೆ’ ಎಂದು ಕೂಗುತ್ತೇವೆ. ಪ್ರಾಣ ಯಾರು ಕೇಳಿದರು? ಮೊದಲು ಒಂದು ಶಕಾರ ಕೊಡಿ, ಒಂದು ಒತ್ತು ಕೊಡಿ!

ಕಹಿ ಅನಿಸಿದರೆ ಅನಿಸಲಿ. ನಾವೇ ನಮ್ಮ ಅಕ್ಷರಕ್ಕೆ ಬೆಲೆ ಕೊಡದಿದ್ದರೆ ಬೇರೆಯವರು ಯಾಕೆ ಕೊಡಬೇಕು?

ಆ ಹುಡುಗನ ಗೋಡೆ

ಬಿಲ್ ಬುಕ್ಕು ಜೋಡಿಸಿದ ನನ್ನ ಡಿಟಿಪಿ ಹುಡುಗ ಕನ್ನಡ ಮಾಧ್ಯಮದವನು. ಮರುದಿನ ಬೆಳಿಗ್ಗೆ ಬಂದು, ‘ಅಣ್ಣಾ, ನನಗೆ ಇಂಗ್ಲಿಷ್ ಬರಲ್ಲ, ನಾನು ಬೈಂಡಿಂಗ್ ಕೆಲಸ ಮಾಡ್ತೀನಿ, ಕಂಪ್ಯೂಟರಿಗೆ ಬೇರೆಯವರನ್ನ ಹಾಕ್ಕೊಳ್ಳಿ’ ಎಂದ. ಕಣ್ಣಲ್ಲಿ ನೀರಿತ್ತು. ನೋಡಿ, ಒಂದು ಕೆಂಪು ಸುತ್ತು ಎಲ್ಲಿಯವರೆಗೆ ಹೋಗಿ ಮುಟ್ಟುತ್ತದೆ! ಗಂಟೆಗೆ ಪುಟಗಟ್ಟಲೆ ಕನ್ನಡವನ್ನು ಒಂದು ದೀರ್ಘ ತಪ್ಪದೆ ಜೋಡಿಸುವ ಹುಡುಗ, ಒಂದು ‘ಎ’ಗೆ ಹೆದರಿ ತನ್ನ ಕಸುಬನ್ನೇ ಬಿಡಲು ಹೊರಟಿದ್ದ.

ಅವನನ್ನು ಕೂರಿಸಿ ಈ ಸ್ಟೇಷನರ್ ಕಥೆ ಹೇಳಿದೆ. ಶೇಕ್ಸ್‌ಪಿಯರ್ ಸಹಿಯ ಕಥೆ ಹೇಳಿದೆ. ನಾನೂ ಪಿಯುಸಿ ಮಾತ್ರ ಓದಿದವನು, ಇದನ್ನೆಲ್ಲ ನಿಘಂಟು ಪುಸ್ತಕ ತಿರುವಿ ಕಲಿತದ್ದು ಎಂದೆ. ಈಗ ಅವನ ಕಂಪ್ಯೂಟರಿನ ಹಿಂದಿನ ಗೋಡೆಯ ಮೇಲೆ ಒಂದು ಹಾಳೆ ಇದೆ. ಎರಡು ಸಾಲು. ಎಡಗಡೆ ಇಂಗ್ಲಿಷಿನ ಜೋಡಿಗಳು. ‘ಎ’ ಸ್ಟೇಷನರಿ, ‘ಇ’ ಸ್ಟೇಷನರಿ. ಕಾಲೇಜಿನ ಪ್ರಿನ್ಸಿಪಾಲ್ ಬೇರೆ, ತತ್ವ ಎನ್ನುವ ಪ್ರಿನ್ಸಿಪಲ್ ಬೇರೆ. ಮದುವೆ ಕಾರ್ಡಿನ ಕೆಳಗೆ ಬರುವ ‘ವಿತ್ ಬೆಸ್ಟ್ ಕಾಂಪ್ಲಿಮೆಂಟ್ಸ್’ನ ನಡುವೆ ‘ಐ’ ಬರಬೇಕು, ‘ಇ’ ಬಂದರೆ ಅದು ಕೊರತೆ ತುಂಬುವ ವಸ್ತು. ಬಲಗಡೆ ಕನ್ನಡ: ಶುಭಾಶಯ, ಎಚ್ಚರಿಕೆ, ವಿದ್ಯಾರ್ಥಿ, ಉದ್ಘಾಟನೆ, ಸಿಬ್ಬಂದಿ, ಸಂಘ ಮತ್ತು ಸಂಗ, ಧನ ಮತ್ತು ದನ. ಬಲಗಡೆಯ ಸಾಲು ಎಡಗಡೆಯದಕ್ಕಿಂತ ಉದ್ದವಾಗಿದೆ. ಹಾಗೇ ಇರಬೇಕು.

ಏನು ಮಾಡಬೇಕು?

ತರುಣರೇ, ಘೋಷಣೆ ಬೇಡ. ನಾಲ್ಕು ಕೆಲಸ ಹೇಳುತ್ತೇನೆ.

ಒಂದು, ಇಂಗ್ಲಿಷನ್ನು ಸರಿಯಾಗಿ ಕಲಿಯಿರಿ. ಅದು ಹೊಟ್ಟೆಪಾಡಿನ ಸಲಕರಣೆ. ಸಲಕರಣೆ ಮೊಂಡಾದರೆ ಸಾಣೆ ಹಿಡಿಯುತ್ತೇವೆ, ಅದರ ಮುಂದೆ ಕೈಕಟ್ಟಿ ನಿಲ್ಲುವುದಿಲ್ಲ. ಅರ್ಥವಾಗದಾಗ ಜೊತೆಗೆ ನಗಬೇಡಿ. ‘ಯಾಕೆ ನಗ್ತಿದ್ದೀರಿ? ಏನು ತಪ್ಪು? ಹೇಳಿ, ತಿದ್ದಿಕೊಳ್ತೀನಿ’ ಎಂದು ತಲೆ ಎತ್ತಿ ಕೇಳಿ. ನಗುವವನ ಬಾಯಿ ತಾನಾಗಿ ಮುಚ್ಚುತ್ತದೆ.

ಎರಡು, ಬೇರೆಯವರ ತಪ್ಪಿಗೆ ನೀವೂ ನಗಬೇಡಿ. ಹೊರಗಿನಿಂದ ಬಂದವನು ಕನ್ನಡ ಕಲಿಯಲು ಹೋಗಿ ಹಳ್ಳಿಯನ್ನು ಹಲ್ಲಿ ಎಂದರೆ ನಗಬೇಡಿ, ನಾಲಿಗೆ ಮಡಚಿ ತೋರಿಸಿ. ಇವತ್ತು ನಕ್ಕರೆ ನಾಳೆ ಅವನು ಬಾಯಿಯೇ ತೆರೆಯುವುದಿಲ್ಲ.

ಮೂರು, ಬ್ಯಾಂಕು, ಆಸ್ಪತ್ರೆ, ಮಾಲು, ಆಫೀಸು ಎಲ್ಲೇ ತಪ್ಪು ಕನ್ನಡದ ಬೋರ್ಡು ಕಂಡರೂ ಫೋಟೋ ತೆಗೆಯಿರಿ. ಸರಿಯಾದ ರೂಪ ಬರೆದು, ತಿದ್ದಿ ಎಂದು ಕನ್ನಡದಲ್ಲೇ ಪತ್ರ ಕೊಡಿ. ಮಸಿ ಬಳಿಯುವುದಕ್ಕಿಂತ ಇದು ಕಷ್ಟದ ಕೆಲಸ, ಯಾಕೆಂದರೆ ಸರಿಯಾದ ರೂಪ ಮೊದಲು ನಮಗೆ ಗೊತ್ತಿರಬೇಕು.

ನಾಲ್ಕು, ಈ ನವೆಂಬರ್ 1ಕ್ಕೆ ನಿಮ್ಮ ಸಂಘದ ಫ್ಲೆಕ್ಸು ಅಚ್ಚಿಗೆ ಹೋಗುವ ಮೊದಲು ಪ್ರೂಫ್ ಕೇಳಿ. ಯಾವ ಪ್ರೆಸ್ಸಿನವನೇ ಆಗಲಿ ಕೊಡಲೇಬೇಕು. ಇಬ್ಬರು ಕೂತು ಗಟ್ಟಿಯಾಗಿ ಓದಿ. ತಪ್ಪಿದ್ದರೆ, ನಾಯಕರ ಫೋಟೋ ಎಷ್ಟೇ ದೊಡ್ಡದಿರಲಿ, ತಿದ್ದುವವರೆಗೆ ಅಚ್ಚು ಬೇಡ ಎನ್ನಿ. ನನ್ನ ಪ್ರೆಸ್ಸಿನಲ್ಲಿ ಈ ವರ್ಷದಿಂದ ಇದೇ ಕಟ್ಟುನಿಟ್ಟು. ‘ಶುಭಾಷಯ’ ಅಚ್ಚಾಗುವುದಿಲ್ಲ. ಗಿರಾಕಿ ಹೋದರೆ ಹೋಗಲಿ.

ಕೊನೆಗೊಂದು ಮಾತು. ಆ ಹಿರಿಯರಿಗೆ ದುಡ್ಡು ಬಂತು, ತಡವಾಗಿ. ಆ ಕಂಪನಿಯಿಂದ ಎರಡನೇ ಆರ್ಡರು ಬರಲಿಲ್ಲ. ಅವರು ಹೊಸ ಬಿಲ್ ಬುಕ್ಕಿಗೆ ಹೇಳಿದ್ದಾರೆ. ಈ ಸಲ ಮೇಲೆ ಕನ್ನಡದಲ್ಲಿ ‘ಲೇಖನ ಸಾಮಗ್ರಿ ಮಾರಾಟಗಾರರು’, ಕೆಳಗೆ ಇಂಗ್ಲಿಷಿನಲ್ಲಿ ‘ಇ’ ಹಾಕಿದ ಸ್ಟೇಷನರಿ. ಎರಡನ್ನೂ ಅವರೇ ಕನ್ನಡಕ ಹಾಕಿಕೊಂಡು ಅಕ್ಷರ ಅಕ್ಷರ ಓದಿ, ನನ್ನ ಕೆಂಪು ಪೆನ್ನಿನಲ್ಲಿ ಸಹಿ ಹಾಕಿ ಹೋದರು.

ಆ ಕೆಂಪು ಪೆನ್ನು ಇನ್ನು ಮುಂದೆ ನಮ್ಮ ಕೈಯಲ್ಲಿರಲಿ. ಮೊದಲ ಸುತ್ತು ನಮ್ಮ ತಪ್ಪಿಗೇ ಬೀಳಲಿ.

ಸಿರಿಗನ್ನಡಂ ಗೆಲ್ಗೆ!